ಟೇಪಣ್ಣನ ಚಿಲುಮೆ

ಅಪ್ಪ ತೀರಿಕೊಂಡ ಮೇಲೆ ಟೇಪಣ್ಣನ ಪಾಲಿಗೆ ಬಂದದ್ದು ಎರಡೇ ಆಸ್ತಿ. ಒಂದು ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ, ಇನ್ನೊಂದು ಊರಾಚೆಯ ಮಣ್ಣಿನ ಕಟ್ಟೆ. ಯಂತ್ರದ ಒಳಹೊರಗೆಲ್ಲ ಅವನಿಗೆ ಗೊತ್ತಿತ್ತು. ಅದು ಕೆಮ್ಮಿದರೆ ಎಲ್ಲಿ ಎಣ್ಣೆ ಬಿಡಬೇಕು, ಮುನಿಸಿಕೊಂಡರೆ ಯಾವ ತಿರುಪು ಸಡಿಲಿಸಬೇಕು ಎಂದು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ. ಕಟ್ಟೆಯ ವಿಷಯದಲ್ಲಿ ಅವನಿಗೆ ಗೊತ್ತಿದ್ದದ್ದು ಒಂದೇ ಸಂಗತಿ: ಅದರಲ್ಲಿ ನೀರಿದೆ.

ಹೆತ್ತವರು ಅವನಿಗೆ ಬೇರೇನೋ ಹೆಸರಿಟ್ಟಿದ್ದರು. ಆದರೆ ದರ್ಜಿಯೊಬ್ಬನ ಕೊರಳಲ್ಲಿ ಅಳತೆ ಟೇಪು ಹಗಲಿಡೀ ನೇತಾಡುತ್ತಿದ್ದರೆ ಜನ ದಾಖಲೆ ತೆಗೆಸಿ ನೋಡುತ್ತಾರೆಯೇ? ಟೇಪಣ್ಣ ಎಂದರು, ಅವನೂ ಓ ಎಂದ. ಸ್ನಾನಕ್ಕೆ ಹೋಗುವಾಗಲೂ ಅವನು ಟೇಪು ತೆಗೆಯುವುದಿಲ್ಲ ಎಂದು ಹೆಂಡತಿ ಹೇಳುತ್ತಿದ್ದಳು. ಹೆಂಡತಿ ಸುಳ್ಳು ಹೇಳುವವಳಲ್ಲ.

ಇನ್ನು ಕಟ್ಟೆ. ಅಪ್ಪ ಹರೆಯದಲ್ಲಿ ಸಣ್ಣ ಹಳ್ಳಕ್ಕೆ ಅಡ್ಡವಾಗಿ ಮಣ್ಣು ಹೇರಿಸಿ ಎಬ್ಬಿಸಿದ ಏರಿ ಅದು. ಎರಡಾಳೆತ್ತರ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೆ ಒಂದು ಹಾಡು ಹಾಡಿ ಮುಗಿಸುವಷ್ಟು ಉದ್ದ. ನಡುವೆ ಹೊಲಗಳಿಗೆ ನೀರು ಬಿಡುವ ತೂಬು, ಒಂದು ಪಕ್ಕದಲ್ಲಿ ಹೆಚ್ಚಾದ ನೀರು ತಾನಾಗಿ ಹರಿದುಹೋಗಲು ಕೋಡಿ. ಏರಿಯ ಕೆಳಗೆ ಇಳಿಜಾರಿನಲ್ಲಿ ಆರು ಹೊಲ, ಆ ಹೊಲಗಳ ನಡುವೆ ಒಂದೇ ಒಂದು ಮನೆ. ಅದು ಅಕ್ಕನದು.

ಅಕ್ಕ ಟೇಪಣ್ಣನಿಗಿಂತ ಎಂಟು ವರ್ಷ ದೊಡ್ಡವಳು. ಅಮ್ಮ ಬೇಗ ಹೋದದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಆ ಹಕ್ಕಿನ ಮೇಲೆ ಇವತ್ತಿಗೂ ಅಂಗಡಿಗೆ ಬಂದು, ಗಿರಾಕಿಗಳ ಎದುರಿಗೇ, "ತಲೆ ಸರಿಯಾಗಿ ಬಾಚ್ಕೊ" ಎನ್ನುವವಳು. ಅವಳಿಗೆ ಮಕ್ಕಳಿಲ್ಲ. ಟೇಪಣ್ಣನ ಇಬ್ಬರು ಮಕ್ಕಳಿಗೆ ಊಟಕ್ಕೆ ಒಂದು ಮನೆ, ಗದರಿಸಿಕೊಳ್ಳಲು ಒಂದು ಮನೆ ಎಂದು ಎರಡು ಮನೆ ಇದ್ದವು, ಯಾವುದು ಯಾವುದಕ್ಕೆ ಎಂದು ಮಾತ್ರ ದಿನದಿನಕ್ಕೆ ಬದಲಾಗುತ್ತಿತ್ತು. ಅಕ್ಕನ ಗಂಡ, ಅಂದರೆ ಭಾವ, ಕೋಳಿ ಕೂಗುವ ಮೊದಲೇ ಎದ್ದು ಬೇಕರಿಗೆ ಹೋಗಿ ಬ್ರೆಡ್ಡು ಬೇಯಿಸಿ ಬಂದು, ಹಗಲೆಲ್ಲ ಮಲಗುವವನು. ಭಾವನ ಮಾತನ್ನು ಕೇಳಿದವರು ಊರಿನಲ್ಲಿ ಕಡಿಮೆ. ಕೇಳಿಸಿಕೊಂಡವರು ಇನ್ನೂ ಕಡಿಮೆ.

ಹೀಗಿರುವಾಗ, ಮಳೆ ಶುರುವಾಗಿ ಕಟ್ಟೆ ಮುಕ್ಕಾಲು ತುಂಬಿದ ಒಂದು ಭಾನುವಾರ, ಏರಿಯ ಬುಡದಲ್ಲಿ ನಡೆಯುತ್ತಿದ್ದ ಟೇಪಣ್ಣನ ಎಡಗಾಲಿನ ಚಪ್ಪಲಿ ಕೆಸರಿನಲ್ಲಿ ಹೂತುಕೊಂಡಿತು. ಕಾಲು ಎಳೆದ, ಕಾಲು ಮಾತ್ರ ಬಂತು. ಚಪ್ಪಲಿ ಇದ್ದ ಜಾಗದಿಂದ ಬೆರಳು ಗಾತ್ರದ ತಿಳಿನೀರು ಬುಳಬುಳ ಎಂದು ಎದ್ದಿತು. ಬೊಗಸೆಯಲ್ಲಿ ಹಿಡಿದು ಕುಡಿದ. ತಣ್ಣಗಿತ್ತು. ಟೇಪಣ್ಣ ಅಲ್ಲಿಂದ ಮನೆಗೆ ಓಡಿದ.

"ಚಿಲುಮೆ ಎದ್ದಿದೆ," ಎಂದ ಹೆಂಡತಿಗೆ.

"ಎಲ್ಲಿ?"

"ನಮ್ಮ ಏರಿ ಬುಡದಲ್ಲಿ."

"ಇನ್ನೊಂದು ಚಪ್ಪಲಿ ಎಲ್ಲಿ?"

"ಅದು ಚಿಲುಮೆಯಲ್ಲಿದೆ."

ನಲವತ್ತೈದು ದಾಟುವವರೆಗೂ ಬೇರೆಯವರ ಸೊಂಟ ಅಳೆದ ಮನುಷ್ಯನಿಗೆ, ತನ್ನದೂ ಏನಾದರೊಂದು ಊರಿನ ಕಣ್ಣಿಗೆ ಬೀಳಲಿ ಎನ್ನಿಸುವುದು ತಪ್ಪಲ್ಲ. ತಪ್ಪು ಶುರುವಾಗುವುದು ಅದಕ್ಕೆ ಬೆಂಚು ಹಾಕಿಸಿದ ಮೇಲೆ. ಟೇಪಣ್ಣ ಬೆಂಚು ಹಾಕಿಸಿದ. ಸುತ್ತ ಕಲ್ಲು ಜೋಡಿಸಿದ. ನೀರು ಒಂದೇ ಕಡೆ ಬೀಳಲೆಂದು ಸೀಳಿದ ಪೈಪೊಂದನ್ನು ಇಟ್ಟ. ವಾರ ಕಳೆಯುವುದರೊಳಗೆ ಬೀದಿಯ ಜನ ಬಾಟಲಿ ಹಿಡಿದು ಸಾಲು ನಿಂತರು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಯಾವ ಊರಿನಲ್ಲೂ ಬರಗಾಲವಿಲ್ಲ. ನಿವೃತ್ತ ಭೂಗೋಳದ ಮೇಷ್ಟ್ರು ಬಂದು, ನೀರನ್ನು ನಾಲಗೆಯ ಮೇಲೆ ಆಡಿಸಿ, ಕಣ್ಣು ಮುಚ್ಚಿ, "ಇದು ಬೆಟ್ಟದ ಹೊಟ್ಟೆಯ ನೀರು ಕಣಪ್ಪ. ನೂರು ವರ್ಷ ಬಂಡೆಯೊಳಗೆ ನಡೆದು ಬಂದಿದೆ," ಎಂದರು. ಬೆಟ್ಟ ಅಲ್ಲಿಂದ ಎಷ್ಟು ದೂರ ಎಂದು ಯಾರೂ ಕೇಳಲಿಲ್ಲ. ಮೇಷ್ಟ್ರು ಕಣ್ಣು ಮುಚ್ಚಿ ಹೇಳಿದ್ದನ್ನು ಪ್ರಶ್ನಿಸುವ ಅಭ್ಯಾಸ ಅವರ ತರಗತಿಯಲ್ಲಿ ಓದಿದ ಯಾರಿಗೂ ಇರಲಿಲ್ಲ.

ವರ್ಷಗಳಿಂದ ಮಂಡಿನೋವು ಅನುಭವಿಸುತ್ತಿದ್ದ ಅಕ್ಕ ದಿನಕ್ಕೆ ಮೂರು ಲೋಟ ಕುಡಿದಳು. ತಿಂಗಳಾಗುವಷ್ಟರಲ್ಲಿ ಕಂಬಿ ಹಿಡಿಯದೆ ಮೆಟ್ಟಿಲು ಹತ್ತಿದಳು. ಹತ್ತಿ, ಇಳಿದು, ನೋಡದೆ ಇದ್ದವರಿಗಾಗಿ ಇನ್ನೊಂದು ಸಲ ಹತ್ತಿದಳು. "ಡಾಕ್ಟರಿಗೆ ಆಗದ್ದು ನನ್ನ ತಮ್ಮನ ಚಪ್ಪಲಿಗೆ ಆಯ್ತು ನೋಡಿ," ಎಂದು ಬೀದಿಗೆಲ್ಲ ಹೇಳಿದಳು.

ಭಾವ ಒಂದು ಲೋಟ ಕುಡಿದು, "ಕಟ್ಟೆ ನೀರಿನ ವಾಸನೆ ಇದೆ," ಎಂದ.

"ನೀವು ಮಲಗಿ," ಎಂದಳು ಅಕ್ಕ. ಭಾವ ಮಲಗಿದ.

ಹೊಗಳಿಕೆಗೆ ಲೆಕ್ಕ ಬೇಕು ಎನ್ನುವುದು ದರ್ಜಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಟೇಪಣ್ಣ ಪ್ರತಿ ಭಾನುವಾರ ಬೆಳಿಗ್ಗೆ ಪೈಪಿನ ಕೆಳಗೆ ಬಕೆಟ್ ಇಟ್ಟು, ಕೈಗಡಿಯಾರ ನೋಡಿ, ತುಂಬಲು ಹಿಡಿದ ಹೊತ್ತನ್ನು ಗಿರಾಕಿಗಳ ಅಳತೆ ಪುಸ್ತಕದಲ್ಲಿ ಬರೆದ. ಎಡಗಡೆಯ ಪುಟದಲ್ಲಿ ಅಂಚೆಯವನ ಪ್ಯಾಂಟು: ಸೊಂಟ ಮೂವತ್ತೆಂಟು, ಕಳೆದ ವರ್ಷ ಮೂವತ್ತಾರು. ಬಲಗಡೆಯ ಪುಟದಲ್ಲಿ ಚಿಲುಮೆ: ಮೊದಲ ವಾರ ನಾಲ್ಕು ನಿಮಿಷ ಹತ್ತು ಸೆಕೆಂಡು, ತಿಂಗಳಾದ ಮೇಲೆ ಮೂರು ನಿಮಿಷ, ಇನ್ನೊಂದು ತಿಂಗಳಿಗೆ ಎರಡೂಕಾಲು. ಪ್ರತಿ ಪುಟದಲ್ಲೂ ಕಟ್ಟೆಯ ನೀರು ಏರಿಯ ತುದಿಯಿಂದ ಎಷ್ಟು ಗೇಣು ಕೆಳಗಿದೆ ಎನ್ನುವುದೂ ಇತ್ತು. ಅದು ಯಾಕೆಂದು ಅವನಿಗೇ ಗೊತ್ತಿರಲಿಲ್ಲ. ಅಂಗಿಗೆ ಎದೆ ಅಳೆದ ಮೇಲೆ ತೋಳು ಅಳೆಯದೆ ಬಿಟ್ಟರೆ ಅವನ ಕೈಗೆ ಏನೋ ಕಳಕೊಂಡ ಹಾಗಾಗುತ್ತಿತ್ತು.

ಅಳೆಯುತ್ತ ಅಳೆಯುತ್ತ ಅವನು ಒಂದು ಸಂಗತಿ ಕಂಡುಹಿಡಿದ. ಕಟ್ಟೆ ತುಂಬಿದಷ್ಟೂ ಚಿಲುಮೆಗೆ ಹುರುಪು. ಕಟ್ಟೆ ಇಳಿದರೆ ಚಿಲುಮೆಗೂ ಬೇಸರ. "ಒಂದೇ ನೆಲದ ಮಕ್ಕಳಲ್ವಾ, ಒಂದಕ್ಕೊಂದು ಪ್ರೀತಿ," ಎಂದು ಹೆಂಡತಿಗೆ ವಿವರಿಸಿದ. ಪ್ರೀತಿಗೆ ಅಡ್ಡ ಬರುತ್ತಿದ್ದದ್ದು ಕೋಡಿ. ಕಟ್ಟೆ ಇನ್ನೇನು ತುಂಬಿತು ಎನ್ನುವಾಗ ನೀರೆಲ್ಲ ಅಲ್ಲಿಂದ ಹರಿದುಹೋಗುತ್ತಿತ್ತು. ಟೇಪಣ್ಣ ಅಂಗಡಿಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಬಟ್ಟೆಯ ಚಿಂದಿಯನ್ನೂ ಮಣ್ಣನ್ನೂ ಮೂಟೆಗಳಲ್ಲಿ ತುಂಬಿ ಕೋಡಿಗೆ ಅಡ್ಡ ಒಟ್ಟಿದ. ಕಟ್ಟೆಯ ನೀರು ಇನ್ನೂ ನಾಲ್ಕು ಗೇಣು ಮೇಲೇರಿತು. ಬಕೆಟ್ ತುಂಬುವ ಹೊತ್ತು ಒಂದು ನಿಮಿಷಕ್ಕೆ ಇಳಿಯಿತು. ಆ ದಿನ ಟೇಪಣ್ಣ ಬೆಂಚಿಗೆ ಬಣ್ಣ ಹಚ್ಚಿದ.

ಇಷ್ಟಕ್ಕೇ ನಿಂತಿದ್ದರೆ ಈ ಕಥೆ ಬೇರೆ ರೀತಿ ಮುಗಿಯುತ್ತಿತ್ತು, ಅದನ್ನು ಹೇಳಲು ಎಷ್ಟು ಜನ ಉಳಿಯುತ್ತಿದ್ದರೋ ಗೊತ್ತಿಲ್ಲ. ಟೇಪಣ್ಣನನ್ನು ಕಾಪಾಡಿದ್ದು ಅವನ ಹಮ್ಮು. ಚಿಲುಮೆಯನ್ನು ಸರ್ಕಾರದ ನಕ್ಷೆಯಲ್ಲಿ ಸೇರಿಸಬೇಕೆಂದು ಅವನು ಅರ್ಜಿ ಬರೆದುಕೊಂಡು ಕಚೇರಿಗೆ ಹೋದ.

ಗುಮಾಸ್ತರು ಅರ್ಜಿಯನ್ನು ಹಿಂದುಮುಂದು ತಿರುಗಿಸಿ ನೋಡಿದರು. "ಚಿಲುಮೆಗೆ ನಮ್ಮಲ್ಲಿ ಫೈಲಿಲ್ಲ. ಎಲ್ಲಿದೆ ಅಂದ್ರಿ ಇದು?"

"ನಮ್ಮ ಸ್ವಂತ ಕಟ್ಟೆ ಸಾರ್. ಏರಿ ಬುಡದಲ್ಲಿ."

"ಕಟ್ಟೆಗೆ ಇದೆ ಫೈಲು." ಗುಮಾಸ್ತರ ಮುಖ ಅರಳಿತು. "ಕಟ್ಟೆ ವಯಸ್ಸೆಷ್ಟು?"

"ನನಗಿಂತ ಎರಡು ವರ್ಷ ಚಿಕ್ಕದು."

"ಕೊನೇ ಸಲ ತಪಾಸಣೆ ಆಗಿದ್ದು ಯಾವಾಗ?"

"ನಂದಾ, ಕಟ್ಟೆದಾ?"

"ಕಟ್ಟೆದು."

"ಎರಡಕ್ಕೂ ಆಗಿಲ್ಲ ಸಾರ್."

ಗುಮಾಸ್ತರು ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ ಏನೋ ಬರೆದು, ಎರಡು ಸಲ ಗೀಟು ಎಳೆದರು. ಕೆಂಪು ಗೀಟು ಎಂದರೆ ಮರ್ಯಾದೆಯ ಗುರುತು ಎಂದು ಟೇಪಣ್ಣ ಬೀದಿಗೆಲ್ಲ ಹೇಳಿದ.

ಆದ್ದರಿಂದ ಎಂಜಿನಿಯರ್ ಬರುವ ದಿನ ಚಿಲುಮೆಯ ಹತ್ತಿರ ಒಂದು ಸಣ್ಣ ಸಭೆಯೇ ಸೇರಿತ್ತು. ಅಕ್ಕ ಮನೆಯಿಂದ ಒಳ್ಳೆಯ ಕುರ್ಚಿ ತಂದಿದ್ದಳು. ಮೇಷ್ಟ್ರು ಭಾಷಣ ಬರೆದುಕೊಂಡಿದ್ದರು. ಬಂದವರು ಮಾತ್ರ ಮೊಣಕಾಲವರೆಗೆ ಬೂಟು ಹಾಕಿ, ಕೈಯಲ್ಲಿ ಕಬ್ಬಿಣದ ಸಲಾಕೆ ಹಿಡಿದ, ಮೇಷ್ಟ್ರ ಮೊಮ್ಮಗಳ ವಯಸ್ಸಿನ ಎಂಜಿನಿಯರಮ್ಮ. ಅವರು ಕುರ್ಚಿಯನ್ನು ನೋಡಲಿಲ್ಲ, ಮೇಷ್ಟ್ರನ್ನು ನೋಡಲಿಲ್ಲ. ಚಿಲುಮೆಯಿಂದ ಒಂದು ಗಾಜಿನ ಬಾಟಲಿಯಲ್ಲಿ ನೀರು ಹಿಡಿದುಕೊಂಡು ಸೀದಾ ಏರಿ ಹತ್ತಿದರು. ಟೇಪಣ್ಣ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹಿಂದೆ ಹಿಂದೆ ಹತ್ತಿದ.

ಅವರು ಏರಿಯ ಮೇಲೆ ಹೆಜ್ಜೆ ಹೆಜ್ಜೆಗೂ ಸಲಾಕೆ ಚುಚ್ಚುತ್ತ ನಡೆದರು. ಒಂದು ಕಡೆ ಹಳೆಯ ಮರದ ಮೋಟು ಕಂಡು ನಿಂತರು.

"ಈ ಮರ ಯಾವಾಗ ಕಡಿದದ್ದು?"

"ನಮ್ಮಪ್ಪ ಕಡಿಸಿದ್ದು ಮೇಡಂ. ಹದಿನೈದು ವರ್ಷ ಆಗಿರಬೇಕು."

ಅವರು ಬಾಟಲಿಯನ್ನು ಆ ಮೋಟಿನ ಮೇಲಿಟ್ಟು ಕೋಡಿಯ ಕಡೆ ಹೋದರು. ಮೂಟೆಯೊಂದರಿಂದ ಹೊರಬಂದಿದ್ದ ಬಟ್ಟೆಯನ್ನು ಹಿಡಿದು ಎಳೆದರು. ಅದು ಬಂತು, ಬರುತ್ತಲೇ ಹೋಯಿತು, ಕೊನೆಗೆ ಒಂದು ಪೂರ್ತಿ ಪ್ಯಾಂಟಿನ ಕಾಲು ಅವರ ಕೈಯಲ್ಲಿತ್ತು.

"ಇದೇನು?"

"ಅಂಚೆಯವನದು ಮೇಡಂ. ಹಳೇ ಅಳತೆ."

"ಕೋಡಿ ಯಾಕೆ ಮುಚ್ಚಿದ್ದೀರಿ ಅಂತ ಕೇಳಿದೆ."

ಟೇಪಣ್ಣ ಕಟ್ಟೆಗೂ ಚಿಲುಮೆಗೂ ಇರುವ ಪ್ರೀತಿಯನ್ನು ವಿವರಿಸಿದ. ಹೇಳುತ್ತ ಹೇಳುತ್ತ ಎಂಜಿನಿಯರಮ್ಮನ ಮುಖ ಗಂಭೀರವಾದದ್ದು ಕಂಡು, ವಿಷಯ ಅವರ ಮನಸ್ಸಿಗೆ ಚೆನ್ನಾಗಿ ನಾಟಿತೆಂದು ಖುಷಿಪಟ್ಟು, ಪುಸ್ತಕ ಬಿಚ್ಚಿ ಕೊಟ್ಟ. ಅವರು ಅಲ್ಲೇ ಏರಿಯ ಮೇಲೆ ಕುಕ್ಕರುಗಾಲಲ್ಲಿ ಕೂತು ಪುಟ ತಿರುವಿದರು. ಮೊದಲಿನಿಂದ ಕೊನೆಯವರೆಗೆ ಓದಿ, ಮತ್ತೆ ಮೊದಲಿಗೆ ಬಂದರು.

"ಇದನ್ನ ಬರೀರಿ ಅಂತ ನಿಮಗೆ ಯಾರು ಹೇಳಿದ್ರು?"

"ಯಾರೂ ಇಲ್ಲ ಮೇಡಂ. ಅಭಿಮಾನ."

"ಮೂವತ್ತು ಖಾಸಗಿ ಕಟ್ಟೆ ನೋಡಿದ್ದೀನಿ. ಒಬ್ಬ ಮಾಲೀಕರೂ ಹೀಗೆ ವಾರ ವಾರ ಬರೆದಿಟ್ಟಿಲ್ಲ."

ಟೇಪಣ್ಣ ಕೊರಳ ಟೇಪನ್ನು ಸರಿಮಾಡಿಕೊಂಡ. ಕೆಳಗೆ ಕಾಯುತ್ತಿದ್ದ ಜನರ ಕಡೆ ಒಮ್ಮೆ ನೋಡಿದ.

"ಸೋರಿಕೆ ಎಷ್ಟೆಷ್ಟು ಬೆಳೆದಿದೆ ಅಂತ ಇಷ್ಟು ಸ್ಪಷ್ಟವಾಗಿ ಯಾರೂ ತೋರಿಸಿಲ್ಲ," ಎಂದು ಅವರು ಮಾತು ಮುಗಿಸಿದರು. "ಇದು ಚಿಲುಮೆ ಅಲ್ಲ ಯಜಮಾನರೆ. ನಿಮ್ಮ ಏರಿ ಸೋರ್ತಾ ಇದೆ."

ಟೇಪಣ್ಣ ನಕ್ಕ. ಆಮೇಲೆ ಅವರು ನಗದಿದ್ದುದನ್ನು ನೋಡಿ ಅರ್ಧಕ್ಕೆ ನಿಲ್ಲಿಸಿದ. "ತಿಳಿನೀರು ಮೇಡಂ. ಕುಡೀತಾರೆ ಎಲ್ಲರೂ."

ಅವರು ಅವನನ್ನು ಮೋಟಿನ ಹತ್ತಿರ ಕರೆದೊಯ್ದು, ಅದರ ಮೇಲೆ ಇಟ್ಟಿದ್ದ ಬಾಟಲಿಯನ್ನು ಅಲುಗಿಸದೆ ತೋರಿಸಿದರು. ಅರ್ಧ ಗಂಟೆಯಿಂದ ಸುಮ್ಮನಿದ್ದ ಬಾಟಲಿಯ ತಳದಲ್ಲಿ ನೂಲಿನೆಳೆಯಷ್ಟು ತೆಳ್ಳಗೆ ಕೆಂಪು ಮಣ್ಣು ಕೂತಿತ್ತು. "ಎಲ್ಲ ಮಣ್ಣಿನ ಕಟ್ಟೆನೂ ಸ್ವಲ್ಪ ಬೆವರುತ್ತೆ. ತಿಳಿಯಾಗಿ, ಒಂದೇ ಸಮ ಬಂದರೆ ಅಷ್ಟು ಭಯ ಇಲ್ಲ. ನಿಮ್ಮದು ಜಾಸ್ತಿ ಆಗ್ತಾ ಇದೆ, ಜೊತೆಗೆ ಮಣ್ಣು ತರ್ತಾ ಇದೆ. ಈ ಮಣ್ಣು ಎಲ್ಲಿಂದ ಬಂತು? ಏರಿಯ ಹೊಟ್ಟೆಯಿಂದ. ದಿನಾ ಒಂದೊಂದು ಚಿಟಿಕೆ ಒಳಗಿಂದ ಖಾಲಿ ಆಗ್ತಾ ಇದೆ."

ಟೇಪಣ್ಣ ಬಾಟಲಿಯನ್ನೇ ನೋಡಿದ. ಬಟ್ಟೆಯಲ್ಲಿ ಒಂದು ಹೊಲಿಗೆ ಬಿಟ್ಟರೆ ಪಕ್ಕದ್ದು ಬಿಡುತ್ತದೆ, ಆಮೇಲೆ ಎಳೆಯಬೇಕಾಗಿಲ್ಲ, ತಾನಾಗಿ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಅಷ್ಟು ಅವನಿಗೆ ಗೊತ್ತಿತ್ತು.

"ಮುಚ್ಚಿಬಿಡ್ತೀನಿ ಮೇಡಂ. ಸಿಮೆಂಟು ಹಾಕಿ ಬಾಯಿ ಮುಚ್ಚಿಸ್ತೀನಿ."

"ಅದೊಂದು ಮಾಡಬೇಡಿ. ಬಾಯಿ ಮುಚ್ಚಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತೆ. ಅದರ ಮೇಲೆ ದಪ್ಪ ಮರಳು ಹಾಕಿ, ಮರಳಿನ ಮೇಲೆ ಜಲ್ಲಿ ಹಾಕಿ. ನೀರು ಬರಲಿ, ಮಣ್ಣು ಬರಬಾರದು. ಕೋಡಿ ಇವತ್ತೇ ಬಿಚ್ಚಿ. ತೂಬು ತೆಗೆದು ನೀರು ಇಳಿಸಿ, ದಿನಕ್ಕೆ ಒಂದೊಂದೇ ಗೇಣು. ಅವಸರ ಮಾಡಿದರೆ ಒಳಮೈ ಮಣ್ಣು ಕುಸಿಯುತ್ತೆ." ಅವರು ಇಳಿಜಾರಿನತ್ತ ತಿರುಗಿದರು. "ಆ ಮನೆ ಯಾರದು?"

"ನಮ್ಮಕ್ಕಂದು."

"ನೀರು ಅರ್ಧಕ್ಕೆ ಇಳಿಯೋ ತನಕ ಅಲ್ಲಿ ಯಾರೂ ಇರಬಾರದು. ವಾರದ ಕೊನೆಗೆ ಜೋರು ಮಳೆ ಅಂತಿದೆ. ನಾನು ನೋಟೀಸು ಕಳಿಸ್ತೀನಿ, ಆದರೆ ಅದು ಬರೋಷ್ಟರಲ್ಲಿ ಮಳೆ ಬಂದು ಹೋಗಿರುತ್ತೆ. ಕಟ್ಟೆ ನಿಮ್ಮದು. ನೀವೇ ಹೇಳಿ."

ಕೆಳಗಿದ್ದವರಿಗೆ ಇದ್ಯಾವುದೂ ಕೇಳಿಸಿರಲಿಲ್ಲ. ದೊಡ್ಡ ಅಧಿಕಾರಿಯೊಬ್ಬರು ತಮ್ಮ ದರ್ಜಿಯ ಜೊತೆ ಅಷ್ಟು ಹೊತ್ತು ಮಾತಾಡಿದ್ದು ಮಾತ್ರ ಕಂಡಿತ್ತು. ಎಂಜಿನಿಯರಮ್ಮ ಜೀಪು ಹತ್ತಿದ ಮೇಲೆ ಟೇಪಣ್ಣ ಒಬ್ಬನೇ ಇಳಿದು ಬರುವಾಗ ಮೇಷ್ಟ್ರು ಚಪ್ಪಾಳೆ ಶುರುಮಾಡಿದರು. ಎಲ್ಲರೂ ಸೇರಿಕೊಂಡರು.

"ನಕ್ಷೆಗೆ ಹಾಕ್ತಾರಂತಾ?" ಎಂದಳು ಅಕ್ಕ.

"ಅಕ್ಕ, ಇದು ಚಿಲುಮೆ ಅಲ್ಲವಂತೆ. ಕಟ್ಟೆ ಸೋರ್ತಾ ಇದೆಯಂತೆ. ಒಡೆದರೂ ಒಡೀಬಹುದಂತೆ. ನೀನೂ ಭಾವನೂ ಸ್ವಲ್ಪ ದಿನ ನಮ್ಮನೇಲಿ ಇರಿ."

ಚಪ್ಪಾಳೆ ಒಂದೊಂದೇ ಕೈಯಾಗಿ ನಿಂತಿತು. ಕೊನೆಗೆ ಉಳಿದದ್ದು ಕಿವಿ ಮಂದವಾಗಿದ್ದ ಒಬ್ಬ ಮುದುಕನದು, ಅವನನ್ನು ಯಾರೋ ತಿವಿದು ನಿಲ್ಲಿಸಿದರು.

"ಆ ಹುಡುಗಿಗೆ ಭೂಗೋಳ ಕಲಿಸಿದವರು ಯಾರು?" ಎಂದರು ಮೇಷ್ಟ್ರು.

"ನೀನೇ ಹೇಳಿದ್ದಲ್ವೇನೋ ಟೇಪಣ್ಣ, ಚಿಲುಮೆ ಎದ್ದಿದೆ ಅಂತ?" ಎಂದ ಅಂಚೆಯವನು. "ಈಗ ಊರೆಲ್ಲ ರುಚಿ ಕಂಡ ಮೇಲೆ ಒಬ್ಬನೇ ಇಟ್ಕೊಳ್ಳೋ ಉಪಾಯನಾ?"

"ನಾನು ಹೇಳಿದ್ದು ತಪ್ಪು."

"ಬೆಂಚು ಹಾಕಿದ್ದು?"

"ಅದೂ ತಪ್ಪು."

ಅಕ್ಕ ಕುರ್ಚಿಯಿಂದ ಎದ್ದಳು. "ನಾಲ್ಕು ತಿಂಗಳು ಈ ನೀರು ಕುಡಿದಿದ್ದೀನಿ. ಕಂಬಿ ಹಿಡೀದೆ ಮೆಟ್ಟಿಲು ಹತ್ತುತಾ ಇದ್ದೀನಿ. ನನ್ನ ಮಂಡಿ ಏನು ಸುಳ್ಳು ಹೇಳುತ್ತಾ?"

ಮಂಡಿಯ ಸಾಕ್ಷಿಯನ್ನು ಪಾಟೀಸವಾಲು ಮಾಡುವ ವಿದ್ಯೆ ಟೇಪಣ್ಣನಿಗೆ ಬರುತ್ತಿರಲಿಲ್ಲ. ಅಕ್ಕ ಕುರ್ಚಿ ಎತ್ತಿಕೊಂಡು ಮನೆಗೆ ಹೋದಳು. ಹೋಗುವಾಗ ಬೇಕೆಂದೇ ಮೆಟ್ಟಿಲುಗಳನ್ನು ಎರಡೆರಡು ಹತ್ತಿದಳು.

ಅಂದು ಮಧ್ಯಾಹ್ನವೇ ಟೇಪಣ್ಣನೂ ಹೆಂಡತಿಯೂ ಚಿಲುಮೆಯ ಬಾಯಿಗೆ ಮರಳು, ಜಲ್ಲಿ ಸುರಿದು, ಕೋಡಿಯ ಮೂಟೆಗಳನ್ನು ಕಿತ್ತರು. ನೀರು ಕುಡಿದ ಚಿಂದಿ ಹೆಣದ ಭಾರವಾಗಿತ್ತು. "ಮದುವೆಯಾದಾಗಿನಿಂದ ಈ ಚಿಂದಿ ಎಸೀರಿ ಎಸೀರಿ ಅಂತಿದ್ದೆ," ಎಂದಳು ಹೆಂಡತಿ. ಹಾಗೆಂದು ಸಂಜೆಯವರೆಗೂ ಅವನ ಸರಿಸಮ ಎಳೆದಳು. ಅಪ್ಪ ಹೋದ ಮೇಲೆ ಯಾರೂ ಪೂರ್ತಿ ಎತ್ತಿರದ ತೂಬಿನ ಸಲಾಕೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಟೇಪಣ್ಣ ಹೊಲಿಗೆ ಯಂತ್ರದ ಎಣ್ಣೆಯನ್ನು ತಂದು ಬಾಟಲಿ ಪೂರ್ತಿ ಸುರಿದು, ಯಂತ್ರಕ್ಕೆ ಹೇಳುವ ಹಾಗೆ ಸಮಾಧಾನ ಹೇಳಿ ಎಳೆದ. ತೂಬು ನರಳಿ ಬಿಟ್ಟುಕೊಟ್ಟಿತು. ಕೆಳಗಿನ ಹೊಲದವರು ಬಂದು, ಬೇಸಿಗೆಯ ನೀರನ್ನು ಹೀಗೆ ಹಳ್ಳಕ್ಕೆ ಬಿಡುವವನ ತಲೆ ಪರೀಕ್ಷೆ ಮಾಡಿಸಬೇಕು ಎಂದರು. ದಿನಕ್ಕೊಂದು ಗೇಣು. ಟೇಪಣ್ಣ ಕೋಲು ನೆಟ್ಟು, ಗೇಣಿಗೊಂದು ಗೀಟು ಹಾಕಿದ.

ಮೂರು ದಿನ ಬೆಳಿಗ್ಗೆ ಸಂಜೆ ಅವನು ಅಕ್ಕನ ಬಾಗಿಲು ತಟ್ಟಿದ. ಮೊದಲ ದಿನ ಅವಳು ಬಾಗಿಲು ತೆಗೆದು ಬೈದಳು. ಎರಡನೆಯ ದಿನ ತೆಗೆಯದೆ ಬೈದಳು. ಮೂರನೆಯ ದಿನ ಬೈಯಲೂ ಇಲ್ಲ, ಅದು ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ನಾಲ್ಕನೆಯ ದಿನ ಬೆಳಿಗ್ಗೆ ಮೋಡ ಕಟ್ಟಿತು. ಏನು ಮಾಡಬೇಕೆಂದು ತೋಚದೆ ಟೇಪಣ್ಣ, ತೋಚದಿದ್ದಾಗ ಮಾಡುವ ಕೆಲಸವನ್ನೇ ಮಾಡಿದ. ಹೊಲಿಗೆ ಯಂತ್ರವನ್ನು ಕೈಗಾಡಿಯಲ್ಲಿ ಹೇರಿಕೊಂಡು ಹೋಗಿ ಅಕ್ಕನ ಜಗಲಿಯ ಮೇಲೆ ಇಳಿಸಿದ.

"ಏನಿದು?" ಕಿಟಕಿಯಿಂದ ಅಕ್ಕ.

"ನೀನು ಬರಲ್ಲ ಅಂದ್ಯಲ್ಲ. ನಾನೇ ಬಂದೆ. ನೀರು ಇಳಿಯೋ ತನಕ ಇಲ್ಲೇ ಹೊಲೀತೀನಿ, ಇಲ್ಲೇ ಮಲಗ್ತೀನಿ."

"ಮಲಗು. ನನಗೇನು."

ಹೆದರಿಸಲು ಬಂದವನು ಹೀಗೆ ತಾನೇ ಏರಿಯ ಬುಡದಲ್ಲಿ ಸಿಕ್ಕಿಬಿದ್ದ. ಕಾಲು ಪೆಡಲು ತುಳಿಯುತ್ತಿತ್ತು, ಕಣ್ಣು ಏರಿಯ ಮೇಲಿತ್ತು. ಅಂದು ಹೊಲಿದ ಅಂಗಿಯೊಂದಕ್ಕೆ ಎರಡೂ ತೋಳು ಎಡಗೈಯದೇ ಆಗಿದ್ದವು.

ಮೂರೂವರೆಗೆ ಶಾಲೆ ಬಿಟ್ಟಿತು. ಅಪ್ಪ ಅತ್ತೆಯ ಮನೆಯಲ್ಲಿ ಉಳಿದುಕೊಂಡಿದ್ದಾನೆ ಎಂದು ಯಾರೋ ಹೇಳಿದ್ದರು. ಮಕ್ಕಳಿಬ್ಬರೂ ಮನೆಗೆ ಹೋಗಿ, ಅಮ್ಮ ಹಿತ್ತಲಿಗೆ ಹೋಗಿದ್ದ ಹೊತ್ತು ನೋಡಿ, ತಮ್ಮ ಹಾಸಿಗೆ ಸುತ್ತಿ ತಲೆಯ ಮೇಲೆ ಹೊತ್ತುಕೊಂಡು ಬಂದೇಬಿಟ್ಟರು. ಒಳಗೆ ನುಗ್ಗಿ, ನಡುಮನೆಯಲ್ಲಿ ಹಾಸಿಗೆ ಬಿಚ್ಚಿ ಹಾಸಿದರು.

"ಅತ್ತೆ, ನಾವೂ ಇಲ್ಲೇ ಇರ್ತೀವಿ," ಎಂದಳು ದೊಡ್ಡವಳು. "ಕಿಟಕಿ ಪಕ್ಕ ನಂದು."

"ಕಿಟಕಿ ಪಕ್ಕ ನಂದು," ಎಂದ ಚಿಕ್ಕವನು.

ಟೇಪಣ್ಣ ಜಗಲಿಯಿಂದ ಓಡಿಬಂದ. ಅವನ ಬಾಯಿಂದ ಮಾತು ಹೊರಡುವ ಮೊದಲೇ ಅಕ್ಕ ಅಡುಗೆಮನೆಯಿಂದ ಬಂದು, ಹಾಸಿಗೆಯ ಮೇಲೆ ಬೋರಲು ಬಿದ್ದಿದ್ದ ಮಕ್ಕಳನ್ನು ನೋಡಿದಳು. ಆಮೇಲೆ ಕಿಟಕಿಯಿಂದ ಹೊರಗೆ ನೋಡಿದಳು. ಕಿಟಕಿಯ ಚೌಕಟ್ಟಿನ ತುಂಬ ಏರಿ. ನಾಲ್ಕು ದಿನದಲ್ಲಿ ಅವಳು ಆ ಕಡೆ ಕಣ್ಣು ಹಾಯಿಸಿದ್ದು ಅದೇ ಮೊದಲು ಎಂದು ಟೇಪಣ್ಣನಿಗೆ ಅನ್ನಿಸಿತು.

"ಏಳಿ," ಎಂದಳು ಅಕ್ಕ. "ಹಾಸಿಗೆ ಸುತ್ತಿ."

"ಯಾಕತ್ತೆ?"

"ಹೇಳಿದಷ್ಟು ಮಾಡಿ. ಎಲ್ಲರೂ ನಿಮ್ಮನೆಗೆ ಹೋಗೋಣ."

"ನಿನಗೆ ನಂಬಿಕೆ ಇಲ್ಲ ಅಂದ್ಯಲ್ಲ," ಎಂದ ಟೇಪಣ್ಣ.

"ನನ್ನ ವಿಷಯಕ್ಕೆ ಈಗಲೂ ಇಲ್ಲ. ಮಕ್ಕಳ ವಿಷಯಕ್ಕೆ ನನ್ನ ನಂಬಿಕೆ ಕಟ್ಕೊಂಡು ಏನು ಮಾಡ್ಲಿ?" ಅವಳು ಒಳಕೋಣೆಯ ಬಾಗಿಲು ಬಡಿದಳು. "ರೀ, ಏಳಿ. ತಮ್ಮನ ಮನೆಗೆ ಹೋಗ್ಬೇಕು."

"ಸರಿ," ಎಂದು ಭಾವ ಎದ್ದು, ಮಂಚದ ಕೆಳಗಿನಿಂದ ಕಟ್ಟಿಟ್ಟ ಗಂಟೊಂದನ್ನು ಎಳೆದ. ಅದರಲ್ಲಿ ಅವನ ಬಟ್ಟೆ, ಅವಳ ಬಟ್ಟೆ, ಅವಳ ಕನ್ನಡಕ, ಮನೆಯ ಪತ್ರಗಳು ಎಲ್ಲ ಇದ್ದವು. ಮೂರು ದಿನದಿಂದ ಅದು ಅಲ್ಲಿತ್ತಂತೆ. ಯಾರೂ ಕೇಳಿರಲಿಲ್ಲ.

ಅವರು ಬೀದಿಯ ತಿರುವು ದಾಟುವಾಗ ಮಳೆ ಹಿಡಿಯಿತು.

ಎರಡು ಹಗಲು, ಎರಡು ರಾತ್ರಿ ಸುರಿಯಿತು. ಕಟ್ಟೆಗೆ ನೀರು ಬಂತು, ಆದರೆ ನಾಲ್ಕು ಗೇಣು ಜಾಗ ಖಾಲಿ ಇತ್ತು, ಅದು ತುಂಬಿದ ಮೇಲೆ ಕೋಡಿ ಬಾಯಿ ತೆರೆದಿತ್ತು. ಹೆಚ್ಚಾದ ನೀರು ಅಲ್ಲಿಂದಲೇ ಹಳ್ಳಕ್ಕೆ ಹೋಯಿತು. ಟೇಪಣ್ಣ ಕೊಡೆ ಹಿಡಿದು ದಿನಕ್ಕೆ ಆರು ಸಲ ಹೋಗಿ, ಮರಳಿನ ಮೇಲೆ ಬರುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿದ. ಮಳೆ ನಿಂತಿತು. ಬಿಸಿಲು ಬಂತು. ಏರಿ ಇದ್ದಲ್ಲೇ ಇತ್ತು, ಅಕ್ಕನ ಮನೆಯೂ ಇದ್ದಲ್ಲೇ ಇತ್ತು. ಏನೂ ಆಗಲಿಲ್ಲ.

ಲೋಕದಲ್ಲಿ ಏನೂ ಆಗದ ಹಾಗೆ ನೋಡಿಕೊಂಡವನ ಪಾಡು ಯಾರಿಗೂ ಬೇಡ. ಕಟ್ಟೆ ಒಡೆದಿದ್ದರೆ ಟೇಪಣ್ಣ ಮೊದಲೇ ಹೇಳಿದ್ದ ಎನ್ನುತ್ತಿದ್ದರು. ಒಡೆಯದ್ದರಿಂದ ಅವನು ಊರಿನ ಚಿಲುಮೆಯನ್ನು ಕೊಂದವನಾದ. ನೀರು ಗೇಣು ಗೇಣಾಗಿ ಇಳಿದಂತೆ ಪೈಪಿನ ಧಾರೆ ದಾರವಾಯಿತು, ದಾರ ಹನಿಯಾಯಿತು, ಒಂದು ದಿನ ಹನಿಯೂ ನಿಂತಿತು. "ಏನಪ್ಪ, ಏನೂ ಆಗಲಿಲ್ಲವಲ್ಲ," ಎಂದು ಮೇಷ್ಟ್ರು ಅಂಗಡಿಯ ಮುಂದೆ ಹೋಗುವಾಗೆಲ್ಲ ಕೇಳಿದರು. ಅಂಚೆಯವನು ಪ್ಯಾಂಟು ಹೊಲಿಸಲು ಪಕ್ಕದ ಬೀದಿಗೆ ಹೋದ. ಮನೆಯಲ್ಲಿ ಅಕ್ಕ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತನಗೆ ಸರಿಕಂಡ ಹಾಗೆ ಜೋಡಿಸಿದಳು. ಹೆಂಡತಿ ಉಪ್ಪು ಹುಡುಕುವುದರಲ್ಲೇ ಮೂರು ವಾರ ಕಳೆದಳು. ತಪ್ಪು ಯಾರದು ಎಂದು ಅವಳು ಗಂಡನಿಗೆ ಹೇಳಲಿಲ್ಲ, ಸಾರು ಹೇಳಿತು.

ಕಟ್ಟೆ ತಳ ಕಂಡ ಮೇಲೆ ಎಂಜಿನಿಯರಮ್ಮ ಜೆಸಿಬಿ ತರಿಸಿ, ಹಳೆಯ ಮೋಟಿನ ಹತ್ತಿರ ಏರಿಯನ್ನು ಮೇಲಿನಿಂದ ಸೀಳಿಸಿದರು. ನೋಡಲು ಬೀದಿಯೇ ಬಂದಿತ್ತು. ಏನೂ ಸಿಗದಿದ್ದರೆ ಟೇಪಣ್ಣನಿಗೆ ಹೇಳಬೇಕಾದ ಮಾತುಗಳನ್ನು ಎಲ್ಲರೂ ಸಿದ್ಧ ಮಾಡಿಕೊಂಡಿದ್ದರು. ಜೆಸಿಬಿ ಒಂದು ಕಡೆ ನಿಂತಿತು. ಚಾಲಕ ಇಳಿದು ಬಂದು ನೋಡಿ, ಟೋಪಿ ತೆಗೆದ.

ಕಡಿದ ಮರದ ಬೇರು ಮಣ್ಣಿನೊಳಗೆ ಕೊಳೆತು ಹೋಗಿ, ಅದು ಇದ್ದ ಜಾಗ ಮಾತ್ರ ಉಳಿದಿತ್ತು. ನೀರು ಆ ಜಾಗದಲ್ಲಿ ದಿನಾ ಓಡಾಡಿ, ಗೋಡೆ ನುಣ್ಣಗೆ ಮಾಡಿಕೊಂಡು, ತೋಳು ದಪ್ಪದ ಸುರಂಗ ಮಾಡಿಕೊಂಡಿತ್ತು.

ಅಕ್ಕ ಮುಂದೆ ಬಂದಳು. ಬಳೆಗಳನ್ನು ಮೇಲೆ ಸರಿಸಿ, ಬಗ್ಗಿ, ತೂತಿನೊಳಗೆ ಕೈ ಹಾಕಿದಳು. ಮೊಣಕೈ ಹೋಯಿತು. ತೋಳು ಹೋಯಿತು. ಹೆಗಲು ಮಣ್ಣಿಗೆ ತಾಗಿತು. ಅವಳ ಕೆನ್ನೆ ಏರಿಗೆ ಒತ್ತಿಕೊಂಡಿತ್ತು, ಕಣ್ಣು ಕೆಳಗೆ ತನ್ನ ಮನೆಯ ಮೇಲಿತ್ತು.

"ಬೆರಳಿಗೆ ಕೊನೆ ಸಿಗ್ತಾ ಇಲ್ಲ," ಎಂದಳು.

"ಸಿಗಲ್ಲಮ್ಮ," ಎಂದರು ಎಂಜಿನಿಯರಮ್ಮ. "ಆ ಮಳೆಗೆ ಕಟ್ಟೆ ಅಂಚಿನ ತನಕ ತುಂಬಿದ್ದಿದ್ದರೆ, ಏರಿ ಒಡೆಯೋಕೆ ಒಂದು ದಿನದ ಕೆಲಸ ಉಳಿದಿತ್ತು ಅಷ್ಟೇ."

"ಅಕ್ಕ, ಸಾಕು, ಕೈ ತೆಗಿ," ಎಂದ ಟೇಪಣ್ಣ.

"ಇರು." ಅವಳು ಬೆರಳನ್ನು ಇನ್ನೂ ಒಳಕ್ಕೆ ಚಾಚಿದಳು. ಆಮೇಲೆ ಕೈ ತೆಗೆದು, ಮಣ್ಣು ಒರೆಸಿಕೊಳ್ಳದೆ ಎದ್ದು, ಬೀದಿಯವರ ಕಡೆ ತಿರುಗಿದಳು. "ಒಬ್ಬೊಬ್ಬರಾಗಿ ಬನ್ನಿ. ತೋಳು ಮಡಚ್ಕೊಂಡು ಬನ್ನಿ. ಏನೂ ಆಗಲಿಲ್ಲ ಅಂದವರೆಲ್ಲ ಬನ್ನಿ."

ಅಕ್ಕನ ದನಿಗೆ ಎದುರಾಡುವವರು ಯಾರು? ಸಾಲು ನಿಂತಿತು. ಅಂಚೆಯವನು ಕೈ ಹಾಕಿದ, ತೆಗೆದ, ಟೇಪಣ್ಣನ ಮುಖ ನೋಡದೆ ಇಳಿದುಹೋದ. ಕೆಳಗಿನ ಹೊಲದವರು ಕೈ ಹಾಕಿದರು. ಒಬ್ಬೊಬ್ಬರೂ ಹತ್ತುವಾಗ ಏನೋ ಮಾತಾಡುತ್ತ ಹತ್ತುತ್ತಿದ್ದರು, ಇಳಿಯುವಾಗ ತೋಳಿನ ಮಣ್ಣು ನೋಡಿಕೊಳ್ಳುತ್ತ ಇಳಿಯುತ್ತಿದ್ದರು. ಕೊನೆಯಲ್ಲಿ ಮೇಷ್ಟ್ರು ಬಂದರು. ಕೈಗಡಿಯಾರ ಬಿಚ್ಚಿ ಟೇಪಣ್ಣನ ಕೈಯಲ್ಲಿಟ್ಟರು, ಇಸ್ತ್ರಿ ಮಾಡಿದ ತೋಳನ್ನು ಮೂರು ಮಡಿಕೆ ಮಡಚಿದರು, ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ. ಈ ಸಲ ಅವರು ಕಣ್ಣು ಮುಚ್ಚಲಿಲ್ಲ.

ಎದ್ದ ಮೇಲೆ ಅವರು ಗಡಿಯಾರಕ್ಕಾಗಿ ಮಣ್ಣಾದ ಕೈ ಚಾಚಿದರು. ಟೇಪಣ್ಣನೇ ಕಟ್ಟಿದ.

"ಏನೂ ಆಗಲಿಲ್ಲ, ಅಲ್ವೇನಪ್ಪ," ಎಂದರು ಮೇಷ್ಟ್ರು, ಮೆಲ್ಲಗೆ.

"ಇಲ್ಲ ಮೇಷ್ಟ್ರೆ," ಎಂದ ಟೇಪಣ್ಣ. "ಏನೂ ಆಗಲಿಲ್ಲ."